ಕೀ ಕಿಸೆಯಲ್ಲೇ ಇತ್ತು

ನನ್ನ ಕಾರಿಗೆ ಕೀ ತೂರಿಸಿ ತಿರುಗಿಸಬೇಕಿಲ್ಲ, ಅದು ಜೊತೆಯಲ್ಲಿದ್ದರೆ ಸಾಕು. ಬೆಳಗ್ಗೆ ಕಾರಿನಲ್ಲಿ ಕೂತು, ಬ್ರೇಕ್ ತುಳಿದು, ಸ್ಟಾರ್ಟ್ ಬಟನ್ ಒತ್ತಿದೆ. ಸೆಲ್ಫ್ ಹೊಡೆಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಕೀ ಚಿತ್ರ ಮಿನುಗಿತು. ಅದರ ಕೆಳಗೆ ‘ಕೀ ಸಿಗುತ್ತಿಲ್ಲ’ ಎಂದು ಬಂತು. ಕೀ ನನ್ನ ಪ್ಯಾಂಟಿನ ಕಿಸೆಯಲ್ಲೇ ಇತ್ತು. ಒಂದು ನಿಮಿಷದ ಹಿಂದೆ ಅದೇ ಕೀಯನ್ನು ನಂಬಿ ಇದೇ ಕಾರು ಬಾಗಿಲು ತೆರೆದಿತ್ತು. ಈಗ ಗುರುತೇ ಇಲ್ಲ ಅನ್ನುತ್ತಿದೆ!

ಕೈಪಿಡಿಯಲ್ಲಿ ಓದಿದ್ದು ನೆನಪಾಯಿತು. ಕೀಯನ್ನೇ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದೆ. ತಕ್ಷಣ ಸ್ಟಾರ್ಟ್ ಆಯಿತು. ಕೀ ಒಳಗೆ ಸೆಲ್ ಬೇಡದ ಒಂದು ಸಣ್ಣ ಚಿಪ್ ಇರುತ್ತದೆ. ಬಟನ್ ಸುತ್ತ ಇರುವ ತಂತಿ ಸುರುಳಿ, ಅಂದರೆ ಕಾಯಿಲ್‌ನಿಂದಲೇ ಅದಕ್ಕೆ ಬೇಕಾದಷ್ಟು ಶಕ್ತಿ ಸಿಗುತ್ತದೆ. ಸೆಲ್ ಪೂರ್ತಿ ಸತ್ತರೂ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಮಾಡಿರುವ ವ್ಯವಸ್ಥೆ ಇದು.

ಹಾಗಾದರೆ ಸೆಲ್ ಸತ್ತಿದೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಕೀ ಬಿಚ್ಚಿ ಸಿಆರ್2032 ಸೆಲ್ ತೆಗೆದು ಮಲ್ಟಿಮೀಟರ್ ಹಿಡಿದರೆ 2.9 ವೋಲ್ಟ್. 3 ವೋಲ್ಟಿನ ಸೆಲ್‌ಗೆ ಅದೇನೂ ಕೆಟ್ಟದ್ದಲ್ಲ. ಆದರೆ ಸುಮ್ನೆ ಕೂತಿರುವಾಗ ಈ ಬಿಲ್ಲೆ ಸೆಲ್‌ಗಳು ಒಳ್ಳೆ ವೋಲ್ಟೇಜನ್ನೇ ತೋರಿಸುತ್ತವೆ. ಕೆಲಸ ಹೇಳಿದಾಗ ಕುಸಿಯುತ್ತವೆ. ಹಾಗಾಗಿ ಹೊಸದು ಹಾಕಿದೆ. ಮೂರು ದಿನ ಒಂದೇ ಒಂದು ತೊಂದರೆ ಇಲ್ಲ. ನಾನು ಬೀಗಿದೆ. ನಾಲ್ಕನೇ ದಿನ ಮತ್ತೆ ಅದೇ ಹಳದಿ ಕೀ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ.

ನಂತರದ ಎರಡು ವಾರ ನಾನು ಮಾಡಿದ್ದು ದೇವರಿಗೇ ಪ್ರೀತಿ. ಕಂಡ ಕಂಡ ಫ್ಯೂಸ್ ಕಿತ್ತು ನೋಡಿದೆ. ಬ್ಯಾಟರಿ ಟರ್ಮಿನಲ್ ಉಜ್ಜಿದೆ. ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿ 12.5 ವೋಲ್ಟ್ ಇತ್ತು. ಸೆಲ್ಫ್ ಹೊಡೆಯುವಾಗ 10.4ಕ್ಕಿಂತ ಕೆಳಗೆ ಇಳಿಯಲಿಲ್ಲ. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಇಲ್ಲಿ ಅದು ಬೇಕಿರಲಿಲ್ಲ. ಸೆಲ್ಫ್ ಹೊಡೆಯುವಾಗಲೇ ಬ್ಯಾಟರಿಯ ಮೈನಸ್‌ನಿಂದ ಎಂಜಿನ್ ಮೈಗೆ ಮೀಟರ್ ಹಿಡಿದು ಅರ್ಥಿಂಗ್ ಕೂಡ ನೋಡಿದೆ. 0.1 ವೋಲ್ಟಿನಷ್ಟು ಬಂತು, ಅದೂ ಸರಿ. ಎಲ್ಲವೂ ಚೆನ್ನಾಗಿದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ.

ಒಂದು ದಿನ ಕೀಯನ್ನು ಬಟನ್‌ಗೆ ತಾಗಿಸಿದರೂ ಆಗಲಿಲ್ಲ. ಹೆದರಿದೆ. ಕೋಪದಲ್ಲಿ ಬ್ರೇಕ್ ಪೆಡಲ್ ನಾಲ್ಕೈದು ಸಲ ಜಜ್ಜಿದೆ. ಹತ್ತು ನಿಮಿಷ ಒದ್ದಾಡಿದ ಮೇಲೆ ಹೇಗೋ ಸ್ಟಾರ್ಟ್ ಆಯಿತು. ಅದೇ ಭಯದಲ್ಲಿ ನೇರವಾಗಿ ಒಂದು ವರ್ಕ್‌ಶಾಪ್‌ಗೆ ಓಡಿಸಿಕೊಂಡು ಹೋದೆ. ಅವರು ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿದರು. ಒಂದು ಪುಟ ತುಂಬ ಕೋಡ್‌ಗಳು ಬಂದವು. ನಾನು ಫ್ಯೂಸ್ ಕಿತ್ತಾಗ, ಬ್ಯಾಟರಿ ಬಿಚ್ಚಿದಾಗ ಹುಟ್ಟಿಕೊಂಡ ಕೋಡ್‌ಗಳೂ ಅದರಲ್ಲಿ ಸೇರಿದ್ದವು.

“ಸರ್, ಇಮ್ಮೊಬಿಲೈಸರ್ ಯೂನಿಟ್ ಹೋಗಿದೆ. ಯೂನಿಟ್ ಹೊಸದು ಹಾಕಿ, ಎರಡು ಕೀನೂ ಹೊಸದು ಮಾಡಿಸಬೇಕು.” ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಪೆಟ್ಟಿಗೆ ಅದು.

“ಖಂಡಿತ ಅದೇನಾ?”

“ಹಾಕಿ ನೋಡೋಣ ಸರ್.”

ಆ ‘ನೋಡೋಣ’ ನನಗೆ ಹಿಡಿಸಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂತ ಹೇಳಿ ವಾಪಸ್ ಬಂದೆ.

ಮನೆಗೆ ಬಂದು ಮೊದಲ ಬಾರಿಗೆ ಕೈಕೆಲಸ ಬಿಟ್ಟು ತಲೆಗೆ ಕೆಲಸ ಕೊಟ್ಟೆ. ಬಟನ್ ಒತ್ತಿದ ಆ ಅರ್ಧ ಸೆಕೆಂಡಿನಲ್ಲಿ ಏನೇನು ನಡೆಯುತ್ತದೆ ಅಂತ ಹಾಳೆ ಮೇಲೆ ಬರೆದುಕೊಂಡೆ. ಮೊದಲು ಕಾರು ತನ್ನೊಳಗಿನ ಆಂಟೆನಾಗಳಿಂದ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೂಗು ಹಾಕುತ್ತದೆ. ಈ ಕೂಗು ಒಂದೆರಡು ಮೀಟರ್ ದಾಟುವುದಿಲ್ಲ, ದಾಟಬಾರದು ಕೂಡ. ಕೀ ಕಾರಿನ ಒಳಗಿದೆಯೋ ಹೊರಗಿದೆಯೋ ಅಂತ ತಿಳಿಯುವುದೇ ಈ ಗಿಡ್ಡ ಕೂಗಿನಿಂದ. ಅದನ್ನು ಕೇಳಿಸಿಕೊಂಡ ಕೀ ಎಚ್ಚರವಾಗಿ, ಬೇರೆ ದಾರಿಯಲ್ಲಿ ಉತ್ತರ ಕೊಡುತ್ತದೆ. ನನ್ನ ಕೀಯಲ್ಲಿ ಅದು 433 ಮೆಗಾಹರ್ಟ್ಸ್. ಕೆಲವು ದೇಶಗಳ ಕಾರುಗಳಲ್ಲಿ 315. ಕಾರು ಕೇಳುವ ಪ್ರಶ್ನೆ ಪ್ರತಿ ಸಲವೂ ಬೇರೆ. ಇಬ್ಬರಿಗೂ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಬಳಸಿ ಕೀ ಲೆಕ್ಕ ಮಾಡಿ ಉತ್ತರ ಹೇಳಬೇಕು. ಉತ್ತರ ಸರಿಯಾದರೆ ಸ್ಟೇರಿಂಗ್ ಲಾಕ್ ಬಿಡುತ್ತದೆ. ಬ್ರೇಕ್ ತುಳಿದಿದ್ದಾರಾ ಅಂತ ನೋಡುತ್ತದೆ. ಇಮ್ಮೊಬಿಲೈಸರ್ ಮತ್ತು ಎಂಜಿನ್ ಕಂಪ್ಯೂಟರ್ ತಮ್ಮೊಳಗೆ ಗುರುತು ಹಿಡಿದುಕೊಳ್ಳುತ್ತವೆ. ಆಮೇಲೆ ಸೆಲ್ಫ್‌ಗೆ ಕರೆಂಟ್ ಬಿಡುವ ರಿಲೇಗೆ ಅಪ್ಪಣೆ.

ಇಷ್ಟು ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಸಾಮಾನ್ಯವಾಗಿ ಕೀಯನ್ನು ಬಟನ್‌ಗೆ ತಾಗಿಸಿದರೆ ಸ್ಟಾರ್ಟ್ ಆಗುತ್ತಿತ್ತಲ್ಲ? ಹಾಗಿದ್ದರೆ ಇಮ್ಮೊಬಿಲೈಸರ್ ಯೂನಿಟ್, ಸ್ಟೇರಿಂಗ್ ಲಾಕ್, ರಿಲೇ, ಎಂಜಿನ್ ಕಂಪ್ಯೂಟರ್ ಎಲ್ಲ ನೆಟ್ಟಗಿವೆ ಅಂತಲೇ ಅರ್ಥ. ಅವುಗಳಲ್ಲಿ ಯಾವುದು ಸತ್ತಿದ್ದರೂ ಈ ಉಪಾಯ ನಡೆಯುತ್ತಿರಲಿಲ್ಲ. ಅಂದರೆ ತೊಂದರೆ ಇರುವುದು ಆ ಮೊದಲ ಕೂಗು ಮತ್ತು ಉತ್ತರದ ನಡುವೆ. ಆದರೆ ವರ್ಕ್‌ಶಾಪ್‌ಗೆ ಹೋದ ದಿನ ಆ ಉಪಾಯವೂ ಕೈಕೊಟ್ಟಿತ್ತು. ಅದು ಈ ಲೆಕ್ಕಕ್ಕೆ ಕೂರುತ್ತಿರಲಿಲ್ಲ. ಕೂರದ್ದನ್ನು ನಾನು ಪಕ್ಕಕ್ಕೆ ತಳ್ಳಿದೆ. ಆ ತಪ್ಪಿಗೆ ಆಮೇಲೆ ಬೆಲೆ ಕೊಟ್ಟೆ.

ಕಾರಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಪ್ರತಿ ಸಲ ಕೈಕೊಟ್ಟಾಗ ದಿನ, ಹೊತ್ತು, ಮಳೆಯೋ ಬಿಸಿಲೋ, ಕೀ ಎಲ್ಲಿತ್ತು, ಯಾವ ಕೀ, ಪರದೆಯ ಮೇಲೆ ಏನು ಬಂತು, ಎಲ್ಲ ಬರೆಯುವುದು ಅಂತ ನಿಯಮ. ಎರಡನೇ ಕೀ ಪೆಟ್ಟಿಗೆಯಿಂದ ಆಚೆ ಬಂತು. ಅದೂ ಹಾಗೇ ಕೈಕೊಟ್ಟಿತು. ಎರಡು ಕೀ ಒಂದೇ ವಾರದಲ್ಲಿ ಒಂದೇ ಥರ ಕೆಡುವುದು ಅಪರೂಪ. ಕೀಗಳನ್ನು ಅನುಮಾನದಿಂದ ಬಿಟ್ಟೆ.

ಮುಂದಿನ ಅನುಮಾನ ಮೊಬೈಲ್ ಚಾರ್ಜರ್. ಹನ್ನೆರಡು ವೋಲ್ಟಿನ ಸಾಕೆಟ್‌ಗೆ ಚುಚ್ಚುವ ಅಗ್ಗದ ಚಾರ್ಜರ್‌ಗಳು ರೇಡಿಯೊ ಗಲಾಟೆ ಎಬ್ಬಿಸುತ್ತವೆ. ಫೋನ್ ಮೇಲಿಟ್ಟು ಚಾರ್ಜ್ ಮಾಡುವ ವೈರ್‌ಲೆಸ್ ಪ್ಯಾಡ್‌ಗಳು ಇನ್ನೂ ಹತ್ತಿರದ ಶತ್ರುಗಳು. ಅವು ಕೆಲಸ ಮಾಡುವುದು 100ರಿಂದ 200 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಕಾರಿನ ಕೂಗಿನ ಪಕ್ಕದಲ್ಲೇ. ನನ್ನಲ್ಲಿ ಪ್ಯಾಡ್ ಇರಲಿಲ್ಲ, ಚಾರ್ಜರ್ ಇತ್ತು. ಕಿತ್ತುಬಿಟ್ಟೆ. ಕಿತ್ತ ಮೇಲೆ ಹೊಳೆಯಿತು: ನನ್ನ ಕಾರಿನಲ್ಲಿ ಬಟನ್ ಒತ್ತುವ ಮೊದಲು ಆ ಸಾಕೆಟ್‌ಗೆ ಕರೆಂಟೇ ಇರುವುದಿಲ್ಲ! ಬೆಳಗ್ಗೆ ಮೊದಲ ಒತ್ತಿಗೆ ಅದು ಹೇಗೆ ಅಡ್ಡ ಬರುತ್ತದೆ?

ನಿಜವಾದ ಸುಳಿವು ಕೊಟ್ಟಿದ್ದು ನನ್ನ ಹೆಂಡತಿ.

“ಏನ್ರೀ, ಇವತ್ತೂ ಅದೇ ರಾಗನಾ? ನಾನು ಓಡಿಸುವಾಗ ಒಂದು ಸಲವೂ ‘ಕೀ ಇಲ್ಲ’ ಅಂತ ಬಂದಿಲ್ಲಪ್ಪ.”

“ನಿನ್ನ ಕೀ ಎಲ್ಲಿರುತ್ತೆ?”

“ಬ್ಯಾಗಲ್ಲಿ. ಇನ್ನೆಲ್ಲಿ?”

“ಬ್ಯಾಗ್ ಎಲ್ಲಿಡ್ತೀಯ?”

“ಹಿಂದಿನ ಸೀಟಲ್ಲಿ.”

ನಾನು ಹೋಗಿ ಕಾರಿನಲ್ಲಿ ಕೂತೆ. ಮಳೆ ಬಂದು ನಿಂತಿತ್ತು. ಕೈಕೊಡುವ ವಾತಾವರಣವೇ. ಕಿಸೆಯಲ್ಲಿ ಕೀ ಇಟ್ಟು ಬಟನ್ ಒತ್ತಿದೆ. ‘ಕೀ ಸಿಗುತ್ತಿಲ್ಲ.’ ಕೀಯನ್ನು ಹಿಂದಿನ ಸೀಟಿಗೆ ಎಸೆದು ಒತ್ತಿದೆ. ಸ್ಟಾರ್ಟ್. ಮತ್ತೆ ಮುಂದೆ, ಇಲ್ಲ. ಮತ್ತೆ ಹಿಂದೆ, ಸ್ಟಾರ್ಟ್. ಹತ್ತು ಸಲ ಮಾಡಿದೆ. ಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು, ನೋಡಲಿ. ಮೂರು ವಾರದಲ್ಲಿ ಮೊದಲ ಸಲ ತೊಂದರೆ ನಾನು ಕರೆದಾಗ ಬರುತ್ತಿತ್ತು.

ಕಾರಿನೊಳಗೆ ಕೂಗುವ ಆಂಟೆನಾ ಒಂದಲ್ಲ. ನನ್ನ ಕಾರಿನಲ್ಲಿ ಗೇರ್ ಕನ್ಸೋಲ್ ಕೆಳಗೆ ಒಂದು, ಹಿಂದಿನ ಸೀಟಿನ ಕೆಳಗೆ ಒಂದು, ಡಿಕ್ಕಿಯಲ್ಲಿ ಒಂದು. ಬಾಗಿಲ ಹಿಡಿಗಳಲ್ಲಿ ಬೇರೆ. ಬಾಗಿಲು ತೆರೆಯುತ್ತಿತ್ತು, ಆದ್ದರಿಂದ ಹಿಡಿಯದ್ದು ಸರಿ, ಕೀಯ ಉತ್ತರ ಕೇಳುವ ರಿಸೀವರ್ ಸರಿ. ಹಿಂದಿನದು ಸರಿ. ಮುಂದಿನದು ಮೂಕವಾಗಿದೆ, ಇಲ್ಲ ಪಿಸುಗುಡುತ್ತಿದೆ. ಕೀ ಸ್ವಲ್ಪ ಹಿಂದಕ್ಕೆ ಸರಿದಿದ್ದರೆ ಹಿಂದಿನ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಅದಕ್ಕೇ ಈ ‘ಒಮ್ಮೊಮ್ಮೆ’.

ಕನ್ಸೋಲ್ ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಪ್ಯೂಟರ್ ಕೂತಿರುವುದು ಅಲ್ಲೇ. ಅದರ ವೈರ್‌ಗಳಿಗೆ ಸಾಮಾನ್ಯವಾಗಿ ಹಳದಿ ಕನೆಕ್ಟರ್. ಬ್ಯಾಟರಿಯ ಮೈನಸ್ ಬಿಚ್ಚಿ, ಕೈಪಿಡಿ ಹೇಳುವಷ್ಟು ನಿಮಿಷ ಕಾದೆ. ಹಳದಿ ಕಂಡಲ್ಲಿ ಕೈ ಹಾಕಲಿಲ್ಲ. ಅಲ್ಲಿ ಧೈರ್ಯ ತೋರಿಸಬೇಡಿ.

ಆಂಟೆನಾ ಅಂದರೆ ಬೆರಳುದ್ದದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಒಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ಸುತ್ತಿದ ತಂತಿ. ಎರಡೇ ವೈರ್. ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ ಕೆಟ್ಟಿದೆಯೋ ಇಲ್ಲವೋ ಹೇಳಿಬಿಡಬಹುದು ಅಂದುಕೊಂಡಿದ್ದೆ. ಆದರೆ ಕೆಲವು ಡಬ್ಬಿಗಳ ಒಳಗೇ ಮೀಟರಿನ ಕರೆಂಟನ್ನು ದಾಟಲು ಬಿಡದ ಒಂದು ಕೆಪಾಸಿಟರ್ ಸೇರಿಸಿರುತ್ತಾರೆ. ಅಂಥವು ಚೆನ್ನಾಗಿದ್ದರೂ ಮೀಟರ್ ‘ತುಂಡಾಗಿದೆ’ ಅನ್ನುತ್ತದೆ. ಹೋಲಿಕೆ ಮಾಡುವುದೇ ಸರಿಯಾದ ದಾರಿ. ಹಿಂದಿನ ಆಂಟೆನಾದ ಮೇಲೂ ಮುಂದಿನದರ ಮೇಲೂ ಒಂದೇ ಪಾರ್ಟ್ ನಂಬರ್ ಇತ್ತು. ಎರಡನ್ನೂ ಅದಲು ಬದಲು ಮಾಡಿದೆ. ಡಬ್ಬಿ ಕೆಟ್ಟಿದ್ದರೆ ತೊಂದರೆ ಹಿಂದಕ್ಕೆ ಹೋಗಬೇಕು. ಹೋಗಲಿಲ್ಲ, ಮುಂದೆಯೇ ಉಳಿಯಿತು. ಹಾಗಾದರೆ ಕೆಟ್ಟಿರುವುದು ಡಬ್ಬಿಯಲ್ಲ, ಅದಕ್ಕೆ ಬರುವ ವೈರ್.

ನಂಬಿಕೆ ಬರಲಿ ಅಂತ ತಮ್ಮನ ಗೆಳೆಯನನ್ನು ಕರೆದೆ. ಅವನ ಹತ್ತಿರ ಕರೆಂಟಿನ ಅಲೆಗಳನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದೆ. ಬ್ಯಾಟರಿ ಮತ್ತೆ ಜೋಡಿಸಿದ್ದೆವು. ಇಪ್ಪತ್ತು ಸುತ್ತು ತಂತಿಯನ್ನು ಉಂಗುರದ ಥರ ಸುತ್ತಿ ಹಿಂದಿನ ಆಂಟೆನಾದ ಮೇಲಿಟ್ಟ. “ಈಗ ಬಟನ್ ಒತ್ತಿ ಅಣ್ಣ” ಅಂದ. ಪರದೆ ಮೇಲೆ ಅಲೆಗಳ ಗುಂಪು ಹಾರಿ ಮಾಯವಾಯಿತು. ಮುಂದಿನದರ ಮೇಲಿಟ್ಟ. ಅಲೆ ಇತ್ತು, ಆದರೆ ಹುಲ್ಲಿನಷ್ಟು ಎತ್ತರ. ಕನೆಕ್ಟರ್ ಅಲುಗಾಡಿಸಿದ. ಅಲೆ ಎದ್ದಿತು, ಬಿತ್ತು, ಎದ್ದಿತು. ಕಾಣದ ರೋಗ ಕಣ್ಣೆದುರು ಕುಣಿಯುವುದನ್ನು ನೋಡಿ ನಾನು ನಕ್ಕುಬಿಟ್ಟೆ. ಮಲ್ಟಿಮೀಟರ್‌ನಲ್ಲಿ ಇದನ್ನು ಹಿಡಿಯಲು ಆಗುತ್ತಿರಲಿಲ್ಲ. ಕ್ಷಣಮಾತ್ರದ ಆ ವೇಗದ ಅಲೆ ಸಾಮಾನ್ಯ ಮೀಟರ್‌ಗೆ ಸಿಗುವಂಥದ್ದಲ್ಲ.

ಬ್ಯಾಟರಿ ಬಿಚ್ಚಿ ಕನೆಕ್ಟರ್ ತೆಗೆದರೆ ಒಳಗೆ ಹಸಿರು ಕಿಲುಬು. ಮೂಗಿಗೆ ಹಿಡಿದರೆ ಹುಳಿ ವಾಸನೆ. ಮೇಲೆ ನೋಡಿದೆ. ನೇರ ಮೇಲೆ ಕಪ್ ಹೋಲ್ಡರ್. ಯಾವತ್ತೋ ಮಗಳು ಚೆಲ್ಲಿದ ಜ್ಯೂಸ್ ನಿಧಾನವಾಗಿ ಇಳಿದು, ಇಲ್ಲಿ ಕೂತು, ತಾಮ್ರವನ್ನು ತಿಂದಿತ್ತು. ಒಣಗಿದ ಸಕ್ಕರೆ ಮಳೆಗಾಲದ ತೇವ ಹೀರಿಕೊಂಡಾಗ ಕಾಟ ಹೆಚ್ಚು. ನೋಟ್‌ಬುಕ್ಕಿನಲ್ಲಿ ‘ಮಳೆ’ ಅಂತ ಅಷ್ಟು ಸಲ ಯಾಕೆ ಇತ್ತು ಅಂತ ಗೊತ್ತಾಯಿತು.

ಇಲ್ಲಿ ನಾನು ದಡ್ಡತನ ಮಾಡಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬ್ರಷ್‌ನಲ್ಲಿ ಉಜ್ಜಿ, ಸರಿಯಾಯಿತಾ ನೋಡೋಣ ಅಂತ ಮಲ್ಟಿಮೀಟರಿನ ಕಡ್ಡಿಯನ್ನು ಕನೆಕ್ಟರಿನ ತೂತಿನೊಳಗೆ ಒತ್ತಿ ಅಳೆದೆ. ಮೀಟರ್ ಖುಷಿಪಡಿಸಿತು. ಎಲ್ಲ ಜೋಡಿಸಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನದಿಂದ ಮುಂದಿನ ಆಂಟೆನಾ ಪೂರ್ತಿ ಮೂಕ. ಮೊದಲು ಒಮ್ಮೊಮ್ಮೆ ಕೈಕೊಡುತ್ತಿದ್ದದ್ದು ಈಗ ಯಾವಾಗಲೂ ಕೈಕೊಡತೊಡಗಿತು. ದಪ್ಪ ಕಡ್ಡಿ ತುರುಕಿ ಆ ಸಣ್ಣ ಟರ್ಮಿನಲ್‌ನ ಬಾಯಿ ಅಗಲ ಮಾಡಿದ್ದೆ. ಪಿನ್ ಅದರೊಳಗೆ ಸಡಿಲವಾಗಿ ಆಡುತ್ತಿತ್ತು. ಅಳೆಯಬೇಕಾದರೆ ಕನೆಕ್ಟರಿನ ಹಿಂಬದಿಯಿಂದ, ವೈರ್ ಪಕ್ಕದಲ್ಲಿ, ತೆಳ್ಳನೆ ಸೂಜಿಯಂಥ ಕಡ್ಡಿ ಇಳಿಸಿ ಅಳೆಯಬೇಕು. ಟರ್ಮಿನಲ್ ಬಿಗಿಯಾಗಿದೆಯಾ ಅಂತ ನೋಡಲು ಅದೇ ಅಳತೆಯ ಒಂದು ಬಿಡಿ ಪಿನ್ ಹಾಕಿ ಎಳೆದರೆ ಸಾಕು, ಕೈಗೇ ಗೊತ್ತಾಗುತ್ತದೆ.

ಕೊನೆಗೆ ಎರಡೂ ಟರ್ಮಿನಲ್ ಕತ್ತರಿಸಿ ಹೊಸದನ್ನು ವೈರಿಗೆ ಅದುಮಿ ಕ್ರಿಂಪ್ ಮಾಡಿಸಿದೆ. ಕಿಲುಬು ವೈರಿನೊಳಗೂ ಒಂದಿಷ್ಟು ದೂರ ಹತ್ತಿತ್ತು. ತಾಮ್ರ ಹೊಳೆಯುವ ಜಾಗದವರೆಗೆ ಕತ್ತರಿಸಬೇಕಾಯಿತು. ಆಂಟೆನಾದ ಎರಡು ವೈರ್ ಒಂದಕ್ಕೊಂದು ಹೆಣೆದಂತೆ ಬಂದಿರುತ್ತವೆ. ಸೇರಿಸಿದ ತುಂಡನ್ನೂ ಹಾಗೇ ಹೆಣೆದೆವು. ಕನೆಕ್ಟರನ್ನು ಕಪ್ ಹೋಲ್ಡರಿನ ಕೆಳಗಿಂದ ಪಕ್ಕಕ್ಕೆ ಸರಿಸಿ ಕಟ್ಟಿದೆ.

ಒಂಬತ್ತು ದಿನ ಶಾಂತಿ.

ಹತ್ತನೇ ದಿನ ಬಟನ್ ಒತ್ತಿದರೆ ಮತ್ತೆ ಸೆಲ್ಫ್ ಇಲ್ಲ. ಕೀಯನ್ನು ಬಟನ್‌ಗೆ ತಾಗಿಸಿದೆ, ಆಗಲೂ ಇಲ್ಲ. ಕೈಕಾಲು ತಣ್ಣಗಾದವು. ಆ ವರ್ಕ್‌ಶಾಪಿನವರೇ ಸರಿ ಇದ್ದರಾ? ಆದರೆ ಈ ಸಲ ಪರದೆಯನ್ನು ಸರಿಯಾಗಿ ಓದಿದೆ. ‘ಕೀ ಸಿಗುತ್ತಿಲ್ಲ’ ಅಂತ ಇರಲೇ ಇಲ್ಲ. ‘ಬ್ರೇಕ್ ತುಳಿದು ಬಟನ್ ಒತ್ತಿ’ ಅಂತ ಇತ್ತು. ಆ ಸಾಲನ್ನು ಎಷ್ಟು ಸಲ ನೋಡಿದ್ದೆನೋ! ಬ್ರೇಕ್ ತುಳಿದೇ ಇದ್ದೇನಲ್ಲ, ಪರದೆಗೆ ತಲೆ ಕೆಟ್ಟಿದೆ ಅಂತ ಬಿಟ್ಟಿದ್ದೆ. ಕೀ ಗುರುತು ಸಿಕ್ಕಿ ಬ್ರೇಕ್ ತುಳಿದರೆ ನನ್ನ ಕಾರಿನ ಬಟನ್ ದೀಪ ಹಸಿರಾಗಬೇಕು. ಅದು ಕಿತ್ತಳೆಯಲ್ಲೇ ಇತ್ತು. ಪೆಡಲನ್ನು ಎರಡೂ ಕಾಲಲ್ಲಿ ಬಲವಾಗಿ ಒತ್ತಿದೆ. ಹಸಿರು. ಸ್ಟಾರ್ಟ್.

ಮಗಳನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ ನೋಡಲು ಹೇಳಿದೆ. “ಉರೀತಿದೆ ಅಪ್ಪ.” ಇದೇ ದಾರಿ ತಪ್ಪಿಸುವ ಜಾಗ. ಬ್ರೇಕ್ ಸ್ವಿಚ್‌ನಲ್ಲಿ ಸಾಮಾನ್ಯವಾಗಿ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ದೀಪ ಉರಿಸುತ್ತದೆ. ಇನ್ನೊಂದು ಕಂಪ್ಯೂಟರಿಗೆ ಬೇರೆಯಾಗಿ ಸುದ್ದಿ ಮುಟ್ಟಿಸುತ್ತದೆ. ನನ್ನ ಕಾರು ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಂಬುತ್ತದೆ. ದೀಪದ ಕಾಂಟ್ಯಾಕ್ಟ್ ಗಟ್ಟಿಮುಟ್ಟಾಗಿತ್ತು, ಎರಡನೆಯದು ಸವೆದು ಪೆಡಲ್ ಜಾಸ್ತಿ ಕೆಳಗೆ ಹೋದರಷ್ಟೇ ಕೆಲಸ ಮಾಡುತ್ತಿತ್ತು. ಎಂಜಿನ್ ಆಫ್ ಇದ್ದಾಗ ನಾಲ್ಕು ಸಲ ಬ್ರೇಕ್ ಜಜ್ಜಿದರೆ, ಪೆಡಲ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಆಮೇಲೆ ಅದು ಕೆಳಗೆ ಇಳಿಯುವುದೇ ಕಡಿಮೆ. ಆವತ್ತು ಕೋಪದಲ್ಲಿ ನಾನು ಮಾಡಿದ್ದು ಅದನ್ನೇ. ನನ್ನ ಕಾರನ್ನು ನಾನೇ ಲಾಕ್ ಮಾಡಿಕೊಂಡು ಹತ್ತು ನಿಮಿಷ ಒದ್ದಾಡಿದ್ದೆ.

ಸ್ಕ್ಯಾನರ್ ಎರವಲು ತಂದು ಹಳೆಯ ಕೋಡ್ ಎಲ್ಲ ಬರೆದಿಟ್ಟು ಅಳಿಸಿದೆ. ಎರಡು ದಿನ ಓಡಿಸಿ ಮತ್ತೆ ನೋಡಿದೆ. ಒಂದೇ ಒಂದು ವಾಪಸ್ ಬಂದಿತ್ತು: ಪಿ0504. ಬ್ರೇಕ್ ಸ್ವಿಚ್ಚಿನ ಎರಡು ಸಂಕೇತಗಳಿಗೆ ತಾಳೆ ಇಲ್ಲ ಅನ್ನುವ ಕೋಡ್. ವರ್ಕ್‌ಶಾಪಿನ ಆ ಉದ್ದ ಪಟ್ಟಿಯನ್ನು ಹುಡುಕಿ ತೆಗೆದೆ. ಹನ್ನೊಂದನೇ ಸಾಲಿನಲ್ಲಿ ಅದು ತಣ್ಣಗೆ ಕೂತಿತ್ತು.

ಸ್ವಿಚ್ ಬದಲಾಯಿಸಲು ಕಾಲು ಗಂಟೆ ಸಾಕಾಯಿತು. ತಲೆಕೆಳಗಾಗಿ ಪೆಡಲ್ ಕೆಳಗೆ ತೂರಿಕೊಂಡದ್ದಕ್ಕೆ ಕುತ್ತಿಗೆ ಎರಡು ದಿನ ನೋಯಿತು, ಅಷ್ಟೇ.

ಆಮೇಲೆ ಕೂತು ನೋಟ್‌ಬುಕ್ ಮೊದಲಿಂದ ಓದಿದೆ. ಒಟ್ಟು ಹದಿನೇಳು ಸಲ ಬರೆದಿದ್ದೆ. ಹದಿಮೂರರಲ್ಲಿ ಕೀ ಚಿತ್ರ, ಬಹುತೇಕ ಮಳೆ, ಕೀ ಕಿಸೆಯಲ್ಲಿ, ಬಟನ್‌ಗೆ ತಾಗಿಸಿದರೆ ಸ್ಟಾರ್ಟ್. ನಾಲ್ಕರಲ್ಲಿ ಕೀ ಚಿತ್ರವೇ ಇಲ್ಲ, ಮಳೆಯೂ ಇಲ್ಲ, ತಾಗಿಸಿದರೂ ಇಲ್ಲ. ಆ ನಾಲ್ಕರಲ್ಲಿ ಒಂದು ಹೆಂಡತಿ ಓಡಿಸಿದ ದಿನದ್ದು. ಅವಳೇ ತನ್ನ ಅಕ್ಷರದಲ್ಲಿ ಬರೆದಿದ್ದಳು: ‘ಬ್ರೇಕ್ ತುಳಿ ಅಂತಿದೆ, ತುಳಿದಿದ್ದೇನೆ.’ ಎರಡು ಬೇರೆ ಬೇರೆ ರೋಗಗಳಿಗೆ ನಾನು ‘ಸ್ಟಾರ್ಟ್ ಆಗಲ್ಲ’ ಅಂತ ಒಂದೇ ಹೆಸರಿಟ್ಟುಕೊಂಡು, ಎರಡಕ್ಕೂ ಹೊಂದುವ ಒಂದು ಕಾರಣ ಹುಡುಕುತ್ತಿದ್ದೆ. ಅಂಥ ಕಾರಣ ಬೇಕೆಂದರೆ ಇಮ್ಮೊಬಿಲೈಸರ್ ಯೂನಿಟ್ ಒಂದೇ ಸಿಗುವುದು. ವರ್ಕ್‌ಶಾಪಿನವರಿಗೂ ಅದೇ ಸಿಕ್ಕಿತ್ತು. ನಾನು ಅವರಿಗೆ ಹೇಳಿದ್ದೂ ಅಷ್ಟೇ ತಾನೇ, ಸ್ಟಾರ್ಟ್ ಆಗಲ್ಲ ಅಂತ.

ಹೊಸ ಯೂನಿಟ್ ಹಾಕಿದ್ದರೆ ಎರಡೂ ಕೀಗಳನ್ನು ಹೊಸದಾಗಿ ಪರಿಚಯ ಮಾಡಿಸಬೇಕಿತ್ತು. ಎಷ್ಟೋ ಕಾರುಗಳಲ್ಲಿ ಆ ಹೊತ್ತಿಗೆ ಎದುರಿಗಿಲ್ಲದ ಕೀಯನ್ನು ಕಾರು ಮರೆತೇಬಿಡುತ್ತದೆ. ಅಷ್ಟೆಲ್ಲ ಮಾಡಿದ ಮೇಲೂ ಕಿಲುಬು ಅಲ್ಲೇ ಇರುತ್ತಿತ್ತು.

ಈಗ ನಾಲ್ಕು ತಿಂಗಳಾಯಿತು, ಮಳೆಗಾಲವೂ ಒಂದು ಕಳೆಯಿತು. ಹಳದಿ ಕೀ ಮತ್ತೆ ಕಂಡಿಲ್ಲ. ಚಾರ್ಜರ್ ಮಾತ್ರ ಮತ್ತೆ ಹಾಕಿಲ್ಲ. ತಪ್ಪಿಲ್ಲದೆ ಬೈಸಿಕೊಂಡಿತಲ್ಲ ಅಂತ ಒಂದು ದಿನ ಪರೀಕ್ಷೆ ಮಾಡಿ ನೋಡಿದೆ. ಚಾರ್ಜರ್ ಕೆಲಸ ಮಾಡುತ್ತಿದ್ದಾಗ ಕೀಯ ರಿಮೋಟ್ ಇಪ್ಪತ್ತು ಹೆಜ್ಜೆಯಿಂದ ಕೆಲಸ ಮಾಡಿತು. ಕಿತ್ತಾಗ ನಲವತ್ತು ಹೆಜ್ಜೆಯಿಂದ.